ಎದುರಿಗಿಲ್ಲದವರ ಪಾಲು

ವ್ಯಾಪಾರದಲ್ಲಿಯೂ ಕಚೇರಿಯಲ್ಲಿಯೂ ನಡೆಯುವ ಅನ್ಯಾಯವನ್ನು ಸ್ವಲ್ಪ ಹತ್ತಿರದಿಂದ ಪರಿಶೀಲಿಸಿದವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ: ಅದರಿಂದ ನಷ್ಟಕ್ಕೆ ಗುರಿಯಾಗುವವನು ಬಹುಮಟ್ಟಿಗೆ ಆ ಹೊತ್ತಿನಲ್ಲಿ ಅಲ್ಲಿ ಇರುವುದಿಲ್ಲ, ಇದ್ದರೂ ನಡೆಯುತ್ತಿರುವುದನ್ನು ಕಾಣಲಾರನು. ಇಳಕಲ್ಲಿನ ಅಂಗಡಿಯಲ್ಲಿ ಸೀರೆ ಕೊಳ್ಳುವ ಹೆಣ್ಣುಮಗಳು ಅದನ್ನು ನೆಯ್ದ ಮಗ್ಗವನ್ನು ಕಂಡವಳಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನು ತನ್ನ ಸೀರೆಗೆ ಬೆಂಗಳೂರಿನಲ್ಲಿ ಅಂಟಿಸುವ ಬೆಲೆಯ ಚೀಟಿಯನ್ನು ಕಂಡವನಲ್ಲ. ಹುನಗುಂದದ ಎರೆಹೊಲದಲ್ಲಿ ಬೆಳೆದ ಕಡಲೆಯನ್ನು ಅಡತಿ ಅಂಗಡಿಯ ಮುಂದೆ ಇಳಿಸಿದ ರೈತನು, ಲೆಕ್ಕದ ಕೊನೆಯಲ್ಲಿ ಮುರಿದುಕೊಂಡ ಹಣ ಯಾವ ಹೆಸರಿನಲ್ಲಿ ಹೋಯಿತೆಂಬುದನ್ನು ಅರಿತವನಲ್ಲ. ಆದುದರಿಂದ ವೃತ್ತಿಯಲ್ಲಿ ಧರ್ಮಾಧರ್ಮಗಳ ಸಂದೇಹ ತಲೆದೋರಿದಾಗ, ನಾನು ಒಳ್ಳೆಯವನೋ ಕೆಟ್ಟವನೋ ಎಂದು ಅಂತಃಕರಣವನ್ನು ಕೇಳುತ್ತ ಕೂಡುವುದರಿಂದ ಹೆಚ್ಚಿನ ಫಲವಿಲ್ಲ. ಆ ಪ್ರಶ್ನೆಗೆ ಅಂತಃಕರಣವು ಸಾಮಾನ್ಯವಾಗಿ ನಮಗೆ ಅನುಕೂಲವಾದ ಉತ್ತರವನ್ನೇ ಕೊಡುತ್ತದೆ. ಈ ನಿರ್ಣಯದಿಂದ ಯಾರ ಪಾಲು ಕಡಿಮೆಯಾಗುತ್ತದೆ, ಅವರು ಇಲ್ಲಿ ಇದ್ದಾರೆಯೆ, ಇದ್ದು ಎಲ್ಲವನ್ನೂ ತಿಳಿದಿದ್ದರೆ ಒಪ್ಪುತ್ತಿದ್ದರೆ ಎಂದು ಕೇಳಿಕೊಳ್ಳುವುದು ಹೆಚ್ಚು ಪ್ರಯೋಜನಕರ.

ಈ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಸೀರೆಗಿಂತ ತಕ್ಕ ವಸ್ತು ದೊರೆಯಲಾರದು. ಹತ್ತಿಯ ಒಡಲು, ರೇಷ್ಮೆಯ ಸೆರಗು, ಗೋಮಿ, ಗಾಡಿ, ಪರಾಸಪೇಟ ಎಂಬ ಹೆಸರುಗಳ ದಡಿ, ಕೆಂಪು ನೆಲದ ಮೇಲೆ ಬಿಳಿಯ ತೆನೆಗಳನ್ನು ಸಾಲಿಟ್ಟ ತೋಪತೆನಿ ಸೆರಗು, ಇವು ಅದರ ಲಕ್ಷಣಗಳೆಂದು ಎಲ್ಲರೂ ಬಲ್ಲರು. ಅದರ ನಿಜವಾದ ವೈಶಿಷ್ಟ್ಯ ಮಾತ್ರ ಕಣ್ಣಿಗೆ ಅಷ್ಟಾಗಿ ಬೀಳದ ಸ್ಥಳದಲ್ಲಿ ಇದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಬೆಸೆಯಬೇಕು. ಆದುದರಿಂದ ಸೀರೆಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಹೂಡಬೇಕಾಗುತ್ತದೆ. ಸೀರೆಯನ್ನು ಹಿಂಬದಿಗೆ ತಿರುವಿ, ಒಡಲು ಮುಗಿದು ಸೆರಗು ತೊಡಗುವ ಗೆರೆಯ ಮೇಲೆ ಬೆರಳಾಡಿಸಿದರೆ ಆ ಕೊಂಡಿಗಳ ಸಾಲು ಬೆರಳಿಗೆ ಹತ್ತುತ್ತದೆ. ಒಂದೇ ಹಾಸನ್ನು ಉದ್ದಕ್ಕೂ ಓಡಿಸುತ್ತ ಸೀರೆಯ ಮೇಲೆ ಸೀರೆಯನ್ನು ನೆಯ್ದುಹಾಕುವ ವಿದ್ಯುತ್ ಮಗ್ಗದ ಬಟ್ಟೆಯಲ್ಲಿ ಅದು ಇರುವುದಿಲ್ಲ. ದೂರದಿಂದ ನೋಡುವವರಿಗೆ ಬಣ್ಣವೂ ದಡಿಯೂ ಒಂದೇ ಆಗಿ ಕಾಣುತ್ತವೆ.

ಈಗ ಅಂಗಡಿಯೊಳಗಣ ಸನ್ನಿವೇಶವನ್ನು ಊಹಿಸಿಕೊಳ್ಳಿ. ಬಾದಾಮಿಯ ಗುಹೆಗಳನ್ನು ನೋಡಿಕೊಂಡು ಬನಶಂಕರಿಗೆ ಕೈಮುಗಿದು ಬಂದ ಪರಸ್ಥಳದ ಹೆಣ್ಣುಮಗಳೊಬ್ಬಳು ಒಂದು ಸೀರೆಯನ್ನು ಹಿಡಿದು, "ಇದು ಕೈಮಗ್ಗದ್ದೇನ್ರೀ?" ಎಂದು ಕೇಳುತ್ತಾಳೆ. ಸೀರೆ ವಿದ್ಯುತ್ ಮಗ್ಗದ್ದು. ಮಾರುವ ಹುಡುಗನು ಶುದ್ಧ ಸುಳ್ಳನ್ನು ಹೇಳಲು ಅಂಜಿ, "ಇಳಕಲ್ಲಿಂದ ಐತ್ರೀ ಅಕ್ಕಾರ, ನಮ್ಮ ಊರಾಗ ತಲಿತಲಾಂತರದಿಂದ ಇದನ್ನ ನೇಯ್ತಾರ" ಎನ್ನುತ್ತಾನೆ. ಆ ವಾಕ್ಯದಲ್ಲಿ ಒಂದೂ ಅಸತ್ಯವಾದ ಪದವಿಲ್ಲ. ಆದರೂ ಅದನ್ನು ಕೇಳಿದವಳು ಅಸತ್ಯವನ್ನೇ ನಂಬಿ ಹಣ ಎಣಿಸುತ್ತಾಳೆ. ವ್ಯವಹಾರದ ಸುಳ್ಳುಗಳಲ್ಲಿ ಅತಿ ಸಾಧಾರಣವಾದುದು ಈ ಜಾತಿಯದೆಂದು ನನ್ನ ಎಣಿಕೆ. ಹೇಳಿದ ಮಾತು ನಿಜವೋ ಸುಳ್ಳೋ ಎಂದು ತೂಗುವುದರಿಂದ ಇದು ಸಿಕ್ಕುವುದಿಲ್ಲ. ಕೇಳಿದವಳು ಏನನ್ನು ನಂಬಿಕೊಂಡು ಅಂಗಡಿಯ ಮೆಟ್ಟಿಲಿಳಿದಳೆಂಬುದನ್ನು ನೋಡಬೇಕು. ಅದೇ ಹುಡುಗನು, "ಇದು ಮಷೀನ್ ಮಗ್ಗದ್ದರೀ ಅಕ್ಕಾರ, ಕೈಮಗ್ಗದ್ದು ಬೇಕಂದ್ರ ಈ ಕಡೆ ಅದಾವ, ರೇಟು ಬ್ಯಾರೆ" ಎಂದಿದ್ದರೆ ಸೀರೆ ಮಾರಾಟವಾಗದೆ ಹೋಗುತ್ತಿತ್ತೆಂದು ಹೇಳಲಾಗದು. ಕಡಿಮೆ ಬೆಲೆಯ ಸೀರೆಯನ್ನೇ ಬೇಕೆಂದು ಕೊಳ್ಳುವ ಬಡವರ ಮನೆಯ ಹೆಣ್ಣುಮಕ್ಕಳಿಗೆ ವಿದ್ಯುತ್ ಮಗ್ಗವು ಉಪಕಾರವನ್ನೇ ಮಾಡಿದೆ. ಯಂತ್ರದ ಬಟ್ಟೆಯನ್ನು ಯಂತ್ರದ್ದೆಂದು ಹೇಳಿ ಮಾರಿದವನನ್ನು ಸುಳ್ಳುಗಾರನೆಂದು ಯಾರೂ ದೂರಲಾರರು.

ಮಾಲಿಕನಾದವನು ಇಲ್ಲಿ ಹುಡುಗನ ಶೀಲವನ್ನು ಪರೀಕ್ಷಿಸುತ್ತ ಕುಳಿತಿರಬಾರದು. ಎರಡು ಬಗೆಯ ಸರಕನ್ನೂ ಬೇರೆ ಬೇರೆ ಕಪಾಟುಗಳಲ್ಲಿ ಇಡಿಸಿ, ಬೆಲೆಯ ಚೀಟಿಯ ಮೇಲೆಯೂ ಬಿಲ್ಲಿನ ಮೇಲೆಯೂ "ಕೈಮಗ್ಗ", "ವಿದ್ಯುತ್ ಮಗ್ಗ", "ರೇಷ್ಮೆ ಸೆರಗು", "ಕೃತಕ ರೇಷ್ಮೆ" ಎಂಬ ಪದಗಳನ್ನು ಬರೆಯಿಸಿಬಿಟ್ಟರೆ ಹುಡುಗನಿಗೆ ಸುಳ್ಳು ಹೇಳುವ ಪ್ರಸಂಗವೇ ಬರುವುದಿಲ್ಲ. ಮಾರಾಟ ಹೆಚ್ಚಿದಷ್ಟೂ ಸಂಬಳ ಹೆಚ್ಚೆಂದು ಗೊತ್ತುಮಾಡಿ, ಅದೇ ಬಾಯಿಂದ ಸತ್ಯವನ್ನು ಉಪದೇಶಿಸುವ ಮಾಲಿಕನನ್ನು ಹುಡುಗರು ಬೇಗನೆ ಅರ್ಥಮಾಡಿಕೊಳ್ಳುತ್ತಾರೆ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1985ರ ಕೈಮಗ್ಗ ಮೀಸಲಾತಿ ಅಧಿನಿಯಮವು ಗೊತ್ತುಪಡಿಸಿದ ಲಕ್ಷಣಗಳುಳ್ಳ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿರಿಸಿತು. ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಅದನ್ನು ಎತ್ತಿಹಿಡಿಯಿತು. ಈಗ ಆ ಪಟ್ಟಿಯಲ್ಲಿ ಉಳಿದಿರುವ 11 ಬಗೆಗಳಲ್ಲಿ ಸೀರೆಯೂ ಒಂದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; 1999ರ ಆ ಕಾಯಿದೆಯ ಪ್ರಕಾರ ಅಂಥ ಹೆಸರನ್ನು ಸುಳ್ಳಾಗಿ ಅಂಟಿಸಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆಮನೆ ಕಾದಿದೆ. ಕೊಳ್ಳುವವರ ಕಡೆಯಿಂದ ಹೇಳುವುದಾದರೆ, 2004ರಿಂದ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿಯೂ 2006ರಿಂದ ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯೂ ಬಂದಿವೆ. ಚೀಟಿಯ ಮೇಲೂ ಸಂಶಯವುಂಟಾದರೆ ಸೆರಗಿನ ತುದಿಯ ಒಂದೆರಡು ಎಳೆಗಳನ್ನು ಕಿತ್ತು ಸುಟ್ಟು ನೋಡಬಹುದು: ನಿಜವಾದ ರೇಷ್ಮೆಯು ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿಯಾಗುತ್ತದೆ; ರೇಯಾನ್ ಕಾಗದದಂತೆ ಉರಿಯುತ್ತದೆ; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಈ ಪರೀಕ್ಷೆಯನ್ನು ತಾನಾಗಿಯೇ ಮಾಡಿ ತೋರಿಸುವ ಅಂಗಡಿಕಾರನ ಬಳಿ ಗಿರಾಕಿಗಳು ಚೌಕಾಸಿ ಕಡಿಮೆ ಮಾಡುವುದನ್ನು ಕಾಣಬಹುದು.

ಸೀರೆಯ ಇನ್ನೊಂದು ತುದಿಯಲ್ಲಿ ನೇಕಾರನಿದ್ದಾನೆ. ನೂಲು, ರೇಷ್ಮೆ, ಬಣ್ಣಗಳನ್ನು ಸಾವುಕಾರನು ಕೊಡುವುದು, ನೇಕಾರನು ತನ್ನ ಮನೆಯಲ್ಲಿ ನೆಯ್ದು ಒಪ್ಪಿಸಿ ಮಜೂರಿ ಪಡೆಯುವುದು, ಮದುವೆಗೋ ಕಾಯಿಲೆಗೋ ಮುಂಗಡ ಹಣವನ್ನು ತೆಗೆದುಕೊಂಡು ಅದನ್ನು ಮಜೂರಿಯಲ್ಲಿ ಮುರಿಸುತ್ತ ಹೋಗುವುದು, ಇದು ಇಳಕಲ್ಲು ಗುಳೇದಗುಡ್ಡಗಳ ನೇಕಾರ ಓಣಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಇದರಲ್ಲಿ ದಯೆಯೂ ಉಂಟು, ದಾಸ್ಯವೂ ಉಂಟು. ಬ್ಯಾಂಕು ಬಾಗಿಲು ಮುಚ್ಚಿದ ರಾತ್ರಿಯಲ್ಲಿ ಸಾವುಕಾರನು ಕೈಗೆ ಹಾಕಿದ ಹಣವು ದಯೆ, ಆ ಹಣ ತೀರುವ ತನಕ ಬೇರೆಯವರಿಗೆ ನೆಯ್ಯಕೂಡದೆಂಬ ಕಟ್ಟು ದಾಸ್ಯ. ಎರಡನೆಯದು ಒಂದು ಮೇರೆಯನ್ನು ಮೀರಿದರೆ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಸಾಲಕ್ಕೆ ಪ್ರತಿಯಾಗಿ ದುಡಿಮೆಯ ಸ್ವಾತಂತ್ರ್ಯವನ್ನು ಅಡವಿಟ್ಟುಕೊಳ್ಳುವ ಒಪ್ಪಂದವನ್ನು, ಅದು ಬಾಯಿಮಾತಿನದಾದರೂ, ಕಾನೂನು ಒಪ್ಪುವುದಿಲ್ಲ. ಒಳ್ಳೆಯ ಸಾವುಕಾರನೆನ್ನಿಸಿಕೊಳ್ಳಬೇಕೆಂಬವನು ಮಾಡತಕ್ಕ ಕೆಲಸ ಬಹಳ ದೊಡ್ಡದಲ್ಲ. ಮುಂಗಡದ ಲೆಕ್ಕ, ಮುರಿದುಕೊಂಡ ಕಂತು, ಉಳಿದ ಬಾಕಿ ಇವುಗಳನ್ನು ಎರಡು ಪುಸ್ತಕಗಳಲ್ಲಿ ಬರೆದು ಒಂದನ್ನು ನೇಕಾರನ ಮನೆಯಲ್ಲಿಯೇ ಇರಿಸಬೇಕು. ಸೀರೆಯಲ್ಲಿ ದೋಷವಿದೆಯೆಂದು ಮಜೂರಿ ಕಡಿಯುವುದಾದರೆ ಆ ದೋಷವನ್ನು ನೇಕಾರನ ಎದುರಿಗೆ, ಬಟ್ಟೆಯನ್ನು ಹರವಿ, ಬೆಳಕಿನಲ್ಲಿ ತೋರಿಸಬೇಕು. ಮುಂಗಡವಿದ್ದವನಿಗೂ ಇಲ್ಲದವನಿಗೂ ಮಜೂರಿಯ ದರ ಒಂದೇ ಆಗಿರಬೇಕು. ಈ ಮೂರನೆಯದು ಕಠಿನ. ಮುಂಗಡಕ್ಕೆ ಬಡ್ಡಿಯನ್ನು ಹಾಕದೆ ದರದಲ್ಲಿ ಕಡಿಯುವವರು ತಾವು ಬಡ್ಡಿ ತಿನ್ನುವುದಿಲ್ಲವೆಂದು ಅಭಿಮಾನಪಡುವುದುಂಟು.

ಕೃಷಿ ಮಾರುಕಟ್ಟೆಯ ವಿಷಯವನ್ನು ಇಷ್ಟು ವಿಸ್ತರಿಸಬೇಕಾಗಿಲ್ಲ, ಏಕೆಂದರೆ ಅಲ್ಲಿಯ ಅಕ್ರಮಗಳನ್ನು ರೈತರೆಲ್ಲ ಬಲ್ಲರು. ಚೀಲಕ್ಕೆ ಇಷ್ಟೆಂದು "ಸೂಟು" ಮುರಿಯುವುದು, ಮಾದರಿಯ ನೆಪದಲ್ಲಿ ಬೊಗಸೆ ತುಂಬಿಕೊಳ್ಳುವುದು, ಅಧಿಕೃತ ಪಟ್ಟಿಯ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವುದು, ರೈತನಿಂದಲೇ ದಲಾಲಿ ಹಿಡಿಯುವುದು, ಇವೆಲ್ಲ ನಿಷಿದ್ಧ. ದಲಾಲಿಯನ್ನು ಕೊಳ್ಳುವವನಿಂದ ಮಾತ್ರ ಪಡೆಯಬೇಕೆಂಬುದು ಕರ್ನಾಟಕದ ಮಾರುಕಟ್ಟೆಯ ನಿಯಮ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು, ಆ ಪ್ರಮಾಣಪತ್ರ ಅಂಗಡಿಯಲ್ಲಿ ಕಾಣುವಂತೆ ಇರಬೇಕು. ಇಲ್ಲಿ ನಿಜವಾದ ಇಕ್ಕಟ್ಟಿಗೆ ಸಿಕ್ಕುವವನು ಅಂಗಡಿಯ ಗುಮಾಸ್ತ. ಬಿಳಿ ಚೀಟಿಯನ್ನು ಬರೆಯುವ ಕೈ ಅವನದು, ಲಾಭ ಮಾತ್ರ ಅವನದಲ್ಲ.

ಅಂಥ ಗುಮಾಸ್ತನಿಗೂ, ಬಾಗಲಕೋಟೆಯ ನವನಗರದ ಯಾವುದಾದರೊಂದು ಕಚೇರಿಯಲ್ಲಿ ಕಡತಗಳನ್ನು ಮುಂದೂಡುವ ನೌಕರನಿಗೂ, ಇಳಕಲ್ಲಿನ ಗ್ರಾನೈಟ್ ಗಣಿಯ ಮೇಸ್ತ್ರಿಗೂ ನಾನು ಕೊಡುವ ಸಲಹೆ ಒಂದೇ, ಮತ್ತು ಅದು ವೀರೋಚಿತವಾದುದಲ್ಲ. ಮೇಲಿನವರು ಅನುಚಿತವಾದ ಅಪ್ಪಣೆಯನ್ನು ಕೊಟ್ಟಾಗ ಒಡನೆಯೆ ನಿರಾಕರಿಸಿ ಮನೆಗೆ ನಡೆಯುವುದು ಮನೆಯಲ್ಲಿ ಒಲೆ ಉರಿಯಬೇಕಾದವರಿಗೆ ಸುಲಭಸಾಧ್ಯವಲ್ಲ. ಆದರೆ ಅಪ್ಪಣೆಯನ್ನು ಬರಹದಲ್ಲಿ ಕೇಳುವುದು ಬಹುಮಟ್ಟಿಗೆ ಸಾಧ್ಯ. "ಸಾಹೇಬರ, ಮರೀಬಾರದಂತ ಒಂದು ಸಾಲು ಬರದು ಕೊಡ್ರಿ" ಎಂಬ ವಿನಯದ ಮಾತಿಗೆ ಅನೇಕ ಅಧರ್ಮದ ಅಪ್ಪಣೆಗಳು ಅಲ್ಲಿಯೇ ಹಿಂದೆ ಸರಿಯುತ್ತವೆ, ಏಕೆಂದರೆ ಬರಹವೆಂಬುದು ಎದುರಿಗಿಲ್ಲದವನನ್ನು ಕರೆತಂದು ಕೂಡಿಸುವ ಸಾಧನ. ಬರೆದುಕೊಡದಿದ್ದರೆ ತಾನೇ ದಿನಾಂಕ, ಸಮಯ, ಹೇಳಿದವರ ಹೆಸರು, ಹೇಳಿದ ಮಾತು ಇಷ್ಟನ್ನು ಅದೇ ದಿನ ಬರೆದಿಟ್ಟುಕೊಳ್ಳಬೇಕು. ಅಭಿಪ್ರಾಯವನ್ನೂ ಬೈಗುಳನ್ನೂ ಅದರಲ್ಲಿ ಸೇರಿಸಬಾರದು. ಆಮೇಲೆ ನಂಬಿಕೆಯ ಒಬ್ಬರೊಡನೆ, ಸಾಧ್ಯವಾದರೆ ಅದೇ ವೃತ್ತಿಯಲ್ಲಿ ಹಿರಿಯರಾಗಿ ನಿವೃತ್ತರಾದವರೊಡನೆ, ಸಮಾಲೋಚಿಸಬೇಕು. ಒಬ್ಬನೇ ಕುಳಿತು ರಾತ್ರಿಯಲ್ಲಿ ಮಾಡಿದ ನಿರ್ಣಯವು ಭಯದಿಂದಲೋ ರೋಷದಿಂದಲೋ ಮಾಡಿದುದಾಗಿರುತ್ತದೆ.

ಲಂಚದ ವಿಷಯದಲ್ಲಿ ಜನರಿಗೆ ಇನ್ನೂ ಸರಿಯಾಗಿ ತಿಳಿಯದ ಒಂದು ಅಂಶವನ್ನು ಇಲ್ಲಿ ಹೇಳಬೇಕು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿ ನವನಗರವನ್ನು ಕಟ್ಟಿಸಿದಂದಿನಿಂದ ಈ ಭಾಗದ ಸಹಸ್ರಾರು ಕುಟುಂಬಗಳು ಪರಿಹಾರ, ನಿವೇಶನ, ಖಾತೆ ಬದಲಾವಣೆ ಎಂದು ಕಚೇರಿಗಳ ಮೆಟ್ಟಿಲುಗಳನ್ನು ತುಳಿದವರು. ಕೊಡದಿದ್ದರೆ ಕೆಲಸವಾಗದೆಂಬ ನಂಬಿಕೆ ಎಲ್ಲ ಊರುಗಳಲ್ಲಿಯಂತೆ ಇಲ್ಲಿಯೂ ಉಂಟು. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಟ್ಟವನೂ ಅಪರಾಧಿಯಾಗುತ್ತಾನೆ. ಬಲವಂತಕ್ಕೆ ಕಟ್ಟುಬಿದ್ದು ಕೊಟ್ಟವನು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆ. ಕರ್ನಾಟಕದಲ್ಲಿ ಆ ದೂರನ್ನು ಲೋಕಾಯುಕ್ತದ ಪೊಲೀಸರಿಗೆ ಕೊಡಬಹುದು. ಹಣವನ್ನು ಕೊಡುವುದಕ್ಕೆ ಮೊದಲೇ ಹೋಗುವುದು ಎಲ್ಲಕ್ಕಿಂತ ಉತ್ತಮ. ದೀಪಾವಳಿಯ ಪೆಟ್ಟಿಗೆ, ಮಗಳ ಮದುವೆಯ ಮುಯ್ಯಿ ಮೊದಲಾದ ಸೌಮ್ಯರೂಪಗಳಿಗೆ ಬೇರೊಂದು ಅಳತೆಗೋಲು ಸಾಕು: ನಾಳೆ ನಾನು ಈ ಕುರ್ಚಿಯಲ್ಲಿ ಇಲ್ಲದಿದ್ದರೆ ಈ ಮನುಷ್ಯನು ಈ ಪೆಟ್ಟಿಗೆಯನ್ನು ತರುತ್ತಿದ್ದನೆ?

ಗಣಿಯ ಮೇಸ್ತ್ರಿಯ ಪ್ರಸ್ತಾಪ ಬಂದುದರಿಂದ ಒಂದು ಮಾತು. ಇಳಕಲ್ಲಿನ ಕೆಂಪುಕಲ್ಲು ಸಮುದ್ರವನ್ನು ದಾಟಿ ಹೋಗಿ ದೊಡ್ಡ ಕಟ್ಟಡಗಳ ನೆಲವಾಗುತ್ತದೆ. ಅದನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಕೊರೆಯುವವನ ಶ್ವಾಸಕೋಶದಲ್ಲಿ ಉಳಿಯುತ್ತದೆ, ಮತ್ತು ಅದರಿಂದ ಬರುವ ಸಿಲಿಕೋಸಿಸ್ ರೋಗಕ್ಕೆ ಗುಣವೆಂಬುದಿಲ್ಲ. ನೀರು ಹಾಯಿಸುತ್ತ ಕೊರೆಯುವುದರಿಂದ ಧೂಳು ಬಹಳ ತಗ್ಗುತ್ತದೆ. ನೀರಿನ ಟ್ಯಾಂಕರಿನ ಖರ್ಚನ್ನು ಉಳಿಸುವ ಲೆಕ್ಕದಲ್ಲಿ ಹತ್ತು ವರ್ಷಗಳ ಅನಂತರದ ಆ ಕೂಲಿಕಾರನೂ ಎದುರಿಗಿಲ್ಲದವನೇ.

ಹೆಣ್ಣುಮಕ್ಕಳು ದುಡಿಯುವ ಅಂಗಡಿ ಕಾರ್ಖಾನೆಗಳ ಯಜಮಾನರು 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯನ್ನು ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿದಿರುವುದು ಸಾಮಾನ್ಯ. ಹತ್ತು ಮಂದಿ ಕೆಲಸಗಾರರಿದ್ದರೂ ಒಳ ಸಮಿತಿಯನ್ನು ರಚಿಸತಕ್ಕದ್ದು. ಹತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲಿಕನ ಮೇಲೆಯೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ಸಂಭವಿಸಿದ ಮೂರು ತಿಂಗಳೊಳಗೆ ದೂರು ಕೊಡಬೇಕೆಂಬುದನ್ನು ಯಜಮಾನನು ಗೋಡೆಯ ಮೇಲೆ ಬರೆಯಿಸುವುದು ಒಳ್ಳೆಯದು.

ಇಷ್ಟೆಲ್ಲ ಕಾಯಿದೆಗಳನ್ನು ಹೇಳಿದ ಮೇಲೆ, ಇವು ಈಚಿನ ಸರಕಾರಗಳು ಹೊರಿಸಿದ ಭಾರವೆಂಬ ಭಾವನೆ ಓದುಗರಲ್ಲಿ ಉಂಟಾದರೆ ಅದನ್ನು ಈ ನೆಲದ ಇತಿಹಾಸವೇ ನಿವಾರಿಸುತ್ತದೆ. ಬಾದಾಮಿಯ ಚಲುಕ್ಯರ ಯುವರಾಜ ವಿಕ್ರಮಾದಿತ್ಯನು 8ನೆಯ ಶತಮಾನದ ಮೊದಲ ಭಾಗದಲ್ಲಿ ಪೊರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳೆಂಬ ಜನವರ್ಗಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಶಾಸನಸ್ಥಗೊಳಿಸಿದನು. ರಾಜಪುರುಷರು ಊರಿನವರೊಡನೆ ಹೇಗೆ ನಡೆದುಕೊಳ್ಳತಕ್ಕದ್ದು, ಊರಿನವರು ಅವರವರ ಅನುಕೂಲಕ್ಕೆ ತಕ್ಕಂತೆ ಎಷ್ಟೆಷ್ಟು ತೆರತಕ್ಕದ್ದು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದುದರಿಂದ ಎರಡು ಪಕ್ಷದವರೂ ಅದನ್ನು ಬೊಟ್ಟಿಟ್ಟು ತೋರಿಸಬಹುದಾಗಿದ್ದಿತು. ಹುನಗುಂದದ ಸೀಮೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ, 1088ರ ಹೊತ್ತಿಗೆ ಸುಮಾತ್ರದ್ವೀಪದ ಬಾರೂಸಿನಲ್ಲಿ ತಮಿಳು ಶಾಸನವನ್ನು ನಿಲ್ಲಿಸಿದ್ದಿತು. ತಾವು ವೀರಬಣಂಜು ಧರ್ಮದ ಪರಿಪಾಲಕರೆಂದು ಅವರು ತಮ್ಮ ಶಾಸನಗಳಲ್ಲಿ ಹೊಗಳಿಕೊಂಡಿದ್ದಾರೆ. ಹೊಗಳಿಕೆಯನ್ನು ಸ್ವಲ್ಪ ಕಳೆದು ನೋಡಿದರೂ, ಹೇರಿಗೆ ಇಷ್ಟು, ಚೀಲಕ್ಕೆ ಇಷ್ಟೆಂದು ತಮ್ಮ ಸರಕಿನ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೆ ಬಿಟ್ಟುಕೊಟ್ಟ ಲೆಕ್ಕಗಳು ಅಲ್ಲಿ ಉಳಿಯುತ್ತವೆ. ಅಪರಿಚಿತ ದೇಶದಲ್ಲಿ ಸಾಲಕ್ಕೆ ಸರಕು ಸಿಕ್ಕಬೇಕಾದ ವರ್ತಕನಿಗೆ ಸಂಘದ ಹೆಸರೇ ಬಂಡವಾಳ. ಆ ಹೆಸರನ್ನು ಒಬ್ಬನು ಕೆಡಿಸಿದರೆ ಎಲ್ಲರ ಬಂಡವಾಳವೂ ಮುಳುಗುತ್ತದೆ. ಇಳಕಲ್ ಸೀರೆಯ ಹೆಸರಿನ ಸ್ಥಿತಿಯೂ ಇಂದು ಹಾಗೆಯೇ ಇದೆಯಲ್ಲವೆ?

ಕೂಡಲಸಂಗಮದ ಪರಿಸರದಲ್ಲಿ ಬೆಳೆದು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದ ಬಸವಣ್ಣನವರ ಮೇಲೆ, ರಾಜಭಂಡಾರದ ಹಣವನ್ನು ಜಂಗಮರಿಗೆ ವ್ಯಯಮಾಡುತ್ತಾನೆಂಬ ಚಾಡಿ ಹುಟ್ಟಿದ ಕಥೆಯನ್ನು ಪುರಾಣಗಳು ಹೇಳುತ್ತವೆ. ಪವಾಡದ ಭಾಗವನ್ನು ಭಕ್ತರಿಗೆ ಬಿಟ್ಟು ನಾನು ಗಮನಿಸುವುದು ಇದಿಷ್ಟನ್ನು: ತಮ್ಮ ಭಕ್ತಿಯನ್ನಾಗಲಿ ಕುಲಗೌರವವನ್ನಾಗಲಿ ಸಾಕ್ಷಿಗೆ ಕರೆಯದೆ ಅವರು ಭಂಡಾರದ ಬಾಗಿಲನ್ನು ತೆರೆದು ಎಣಿಸಿರೆಂದರು. ಪ್ರಾಮಾಣಿಕರಾದ ಖಜಾಂಚಿಗಳು ಲೆಕ್ಕ ಪರಿಶೋಧಕರನ್ನು ಕಂಡು ಸಿಡುಕುವ ಸಹಕಾರಿ ಸಂಘಗಳಲ್ಲಿ ಈ ಕಥೆಯನ್ನು ವಾರ್ಷಿಕ ಸಭೆಯಲ್ಲಿ ಓದಿಸಬಹುದು. ಅದೇ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ಬಾಳುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದು ನಮ್ಮದಲ್ಲ, ಅಲ್ಲಿಯೇ ಸುರಿದು ಬಾ ಎಂದು ಅವನ ಮಡದಿ ಲಕ್ಕಮ್ಮನು ಕಳುಹಿಸಿದಳಂತೆ. ಕದ್ದುದಲ್ಲ, ಬೇಡಿದುದೂ ಅಲ್ಲ. ಆದರೂ ಅವಳು ಇದು ಯಾರ ಪಾಲು ಎಂದು ಕೇಳಿದಳು.

ಕೊನೆಗೆ, ತಪ್ಪು ನಡೆದುಹೋದ ಮೇಲೆ ಮಾಡತಕ್ಕ ಕೆಲಸ. ಕೈಮಗ್ಗದ್ದೆಂದು ನಂಬಿ ತರಿಸಿದ ಸರಕಿನಲ್ಲಿ ಯಂತ್ರದ್ದು ಬೆರೆತಿತ್ತೆಂದು ಅಂಗಡಿಕಾರನಿಗೆ ಗೊತ್ತಾದ ದಿನವೇ, ಮರುದಿನ ಬಾಗಿಲು ತೆರೆಯುವ ಮೊದಲೇ, ಉಳಿದ ಸೀರೆಗಳ ಚೀಟಿ ಬದಲಾಗಬೇಕು. ಬಿಲ್ಲಿನಲ್ಲಿ ದೂರವಾಣಿ ಸಂಖ್ಯೆ ಇರುವ ಗಿರಾಕಿಗಳಿಗೆ ತಿಳಿಸಿ, ಸೀರೆಯನ್ನು ಮರಳಿಸುವ ಅಥವಾ ಬೆಲೆಯ ಅಂತರವನ್ನು ಪಡೆಯುವ ಆಯ್ಕೆಯನ್ನು ಅವರಿಗೇ ಬಿಡಬೇಕು. ಸರಬರಾಜು ಮಾಡಿದವನಿಗೆ ಬರಹದಲ್ಲಿ ತಿಳಿಸಬೇಕು. ಹೀಗೆ ಮಾಡಲೊಪ್ಪದ ಅಂಗಡಿಯವನ ಮೇಲೆ ಕೊಂಡವರು ಎರಡು ವರ್ಷಗಳೊಳಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೂ ಇಲ್ಲ. 1915ಕ್ಕೆ ಫೋನು ಮಾಡಿದರೆ ಸಲಹೆಯೂ ದೊರೆಯುತ್ತದೆ. ಆದರೆ ಬಿಲ್ಲಿನಲ್ಲಿ "ಕೈಮಗ್ಗ" ಎಂಬ ಪದವನ್ನು ಬರೆಯಿಸಿಕೊಳ್ಳದೆ, "ಸೀರೆ, 1" ಎಂದು ಗೀಚಿದ ಚೀಟಿಯನ್ನು ಹಿಡಿದು ಬಂದವರಿಗೆ ಅಲ್ಲಿ ತಮ್ಮ ಮಾತನ್ನು ಸಾಧಿಸುವುದು ಬಹಳ ಪ್ರಯಾಸ. ಆದುದರಿಂದ ಹಣ ಕೊಡುವ ಮೊದಲೇ ಅದನ್ನು ಕೇಳಿ ಬರೆಯಿಸಿಕೊಳ್ಳತಕ್ಕದ್ದು.